ಸ್ಟೀಲ್ ಪಾತ್ರೆ ಕುದಿಯುತ್ತಿದೆ, ಗನ್ 41 ಡಿಗ್ರಿ ಅನ್ನುತ್ತಿದೆ: ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವ ಸರಿಯಾದ ಬಗೆ

ಕೇಳುವವರ ಮಾತು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ಸ್ಟೀಲ್ ಪಾತ್ರೆಯಲ್ಲಿ ನೀರು ಕೊತಕೊತ ಕುದೀತಿದೆ, ಗನ್ ಹಿಡಿದರೆ 41 ಡಿಗ್ರಿ ಬರುತ್ತೆ, ಕೆಟ್ಟಿದೆಯಾ?" "ಹೊಸ ತಗಡಿನ ಛಾವಣಿ ಮಧ್ಯಾಹ್ನ ಮುಟ್ಟೋಕಾಗದಷ್ಟು ಕಾದಿರುತ್ತೆ, ರೀಡಿಂಗ್ 20ರ ಆಸುಪಾಸಲ್ಲೇ ಇದೆ, ಯಾಕೆ?" "ಪ್ಯಾನಲ್ ಬೋರ್ಡಿನ ತಾಮ್ರದ ಪಟ್ಟಿ ತಣ್ಣಗಿದೆ ಅಂತ ತೋರಿಸಿತಲ್ಲ, ಮತ್ತೆ ಜೋಡಣೆ ಹೇಗೆ ಸುಟ್ಟಿತು?" ಈ ಮೂರರಲ್ಲೂ ಉಪಕರಣ ಕೆಟ್ಟಿರುವ ಸಾಧ್ಯತೆ ಕಡಿಮೆ. ಗನ್ ಅಂದರೆ ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್; ಅದು ಅಳೆಯುವುದು ತನ್ನೊಳಗೆ ಬಂದು ಬಿದ್ದ ಶಾಖ ವಿಕಿರಣವನ್ನು. ಪರದೆ ಮೇಲಿನ ಅಂಕಿ ಅದರಿಂದ ಹಾಕಿದ ಲೆಕ್ಕ. ಆ ಲೆಕ್ಕಕ್ಕೆ ಬೇಕಾದ ಅರ್ಧ ವಿವರವನ್ನು ಬಳಸುವವರೇ ಕೊಡಬೇಕು. ಕೊಡದಿದ್ದರೆ ಕಾರ್ಖಾನೆಯಲ್ಲಿ ತುಂಬಿಸಿಟ್ಟ ಊಹೆಯನ್ನೇ ಅದು ಬಳಸುತ್ತದೆ.

ಇಲ್ಲಿ ಹೇಳಿರುವುದು ಕೈಯಲ್ಲಿ ಹಿಡಿಯುವ, 8ರಿಂದ 14 ಮೈಕ್ರೋಮೀಟರ್ ತರಂಗಾಂತರದಲ್ಲಿ ಕೆಲಸ ಮಾಡುವ ಮಾಮೂಲಿ ಗನ್‌ಗಳ ಬಗ್ಗೆ. ಥರ್ಮಲ್ ಕ್ಯಾಮೆರಾ ಇದ್ದವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಚಿತ್ರ ಬಣ್ಣಬಣ್ಣವಾಗಿ ಕಂಡ ಮಾತ್ರಕ್ಕೆ ಅಂಕಿ ಸರಿ ಎಂದು ನಂಬುವ ಅಪಾಯ ಅವರಿಗೇ ಜಾಸ್ತಿ.

ಗನ್ ಒಳಗೆ ಏನಾಗುತ್ತದೆ

ಎಲ್ಲ ವಸ್ತುಗಳೂ ಎಲ್ಲ ಹೊತ್ತಿನಲ್ಲೂ ವಿಕಿರಣ ಹೊಮ್ಮಿಸುತ್ತಿರುತ್ತವೆ. ಬಿಸಿ ಏರಿದಂತೆ ಅದು ವೇಗವಾಗಿ ಹೆಚ್ಚುತ್ತದೆ: ಕೆಲ್ವಿನ್ ಉಷ್ಣತೆಯ (ಸೆಲ್ಸಿಯಸ್ ಡಿಗ್ರಿಗೆ 273 ಸೇರಿಸಿದ ಅಂಕಿಯ) ನಾಲ್ಕನೇ ಘಾತದಷ್ಟು. ಇದನ್ನು ಪ್ರಯೋಗಗಳ ಅಂಕಿಗಳಿಂದ 1879ರಲ್ಲಿ ಕಂಡುಕೊಂಡವರು ಸ್ಟೆಫಾನ್, 1884ರಲ್ಲಿ ಸಿದ್ಧಾಂತದಿಂದ ಸಾಧಿಸಿ ತೋರಿಸಿದವರು ಬೋಲ್ಟ್ಸ್‌ಮನ್. ಪೂರ್ಣವಾಗಿ ವಿಕಿರಣ ಹೊಮ್ಮಿಸುವ ಆದರ್ಶ ಮೇಲ್ಮೈ 27 ಡಿಗ್ರಿಯಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, ಚದರ ಮೀಟರಿಗೆ ಸುಮಾರು 459 ವ್ಯಾಟ್ ಬಿಡುತ್ತದೆ. 97 ಡಿಗ್ರಿಯಲ್ಲಿ ಸುಮಾರು 1063 ವ್ಯಾಟ್. ಈ ವಿಕಿರಣ ಯಾವ ತರಂಗಾಂತರದಲ್ಲಿ ಅತಿ ಹೆಚ್ಚು ಎಂದು ತಿಳಿಯಲು 2898ನ್ನು ಕೆಲ್ವಿನ್ ಉಷ್ಣತೆಯಿಂದ ಭಾಗಿಸಿ: 300 ಕೆಲ್ವಿನ್‌ಗೆ 9.7 ಮೈಕ್ರೋಮೀಟರ್. ಗನ್‌ಗಳು 8ರಿಂದ 14ರ ಪಟ್ಟಿಯನ್ನು ನೋಡುವುದು ಇದಕ್ಕೇ. ಇನ್ನೊಂದು ಕಾರಣ, ಗಾಳಿಯಲ್ಲಿನ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಈ ಪಟ್ಟಿಯನ್ನು ಹೆಚ್ಚು ಹೀರದೆ ಬಿಟ್ಟುಕೊಡುತ್ತವೆ. 2013ರಲ್ಲಿ ಹಾರಿದ ಇಸ್ರೋದ ಇನ್ಸಾಟ್-3ಡಿ ಉಪಗ್ರಹ ಸಮುದ್ರದ ಮೇಲ್ಮೈ ಉಷ್ಣತೆ ತಿಳಿಯಲು ಬಳಸುವ ಕಿಟಕಿಯೂ ಇದೇ.

ಲೆನ್ಸ್ ಆ ವಿಕಿರಣವನ್ನು ಥರ್ಮೋಪೈಲ್ ಎಂಬ ಪುಟ್ಟ ಸೆನ್ಸರ್ ಮೇಲೆ ಕೂಡಿಸುತ್ತದೆ. ತೆಳು ಪೊರೆಯ ಮೇಲೆ ಸಾಲಾಗಿ ಜೋಡಿಸಿದ ಸೂಕ್ಷ್ಮ ಲೋಹಸಂಧಿಗಳು ಪೊರೆಗೂ ಗನ್‌ನ ಒಡಲಿಗೂ ಇರುವ ಬಿಸಿಯ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಕೊಡುತ್ತವೆ. ಹಾಗಾಗಿ ಗನ್‌ಗೆ ತನ್ನ ಒಡಲ ಉಷ್ಣತೆ ಸರಿಯಾಗಿ ಗೊತ್ತಿರಲೇಬೇಕು. ಈ ಮಾತು 1ನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಮುಖ್ಯ ವಿಷಯ. ನಿಜವಾದ ಮೇಲ್ಮೈ ಯಾವುದೂ ಆದರ್ಶವಲ್ಲ. ಆದರ್ಶಕ್ಕೆ ಹೋಲಿಸಿದರೆ ಎಷ್ಟು ಪಾಲು ಹೊಮ್ಮಿಸುತ್ತದೆ ಎಂಬ ಅಂಕಿಯೇ ಎಮಿಸಿವಿಟಿ, ಅಂದರೆ ಹೊಮ್ಮುವಿಕೆಯ ಗುಣಾಂಕ, 0ಯಿಂದ 1ರವರೆಗೆ. ಪಾರದರ್ಶಕವಲ್ಲದ ವಸ್ತುವಿನಲ್ಲಿ ಎಮಿಸಿವಿಟಿ 0.15 ಇದ್ದರೆ ಉಳಿದ 0.85 ಪಾಲು ಪ್ರತಿಫಲನ. ಹೊಳೆಯುವ ಸ್ಟೀಲ್ ಪಾತ್ರೆ ಈ ಜಾತಿಯದು. ಅದರ ಕಡೆ ಗುರಿಯಿಟ್ಟಾಗ ನೀವು ಬಹುಪಾಲು ನೋಡುವುದು ಅಡುಗೆಮನೆಯ ಗೋಡೆ, ಚಾವಣಿ ಮತ್ತು ನಿಮ್ಮದೇ ಹೊಟ್ಟೆಯ ಶಾಖದ ಪ್ರತಿಬಿಂಬ.

ಬೇಕಾಗುವುದು

ಎಮಿಸಿವಿಟಿಯನ್ನು 0.10ರಿಂದ 1.00ರವರೆಗೆ ಬದಲಿಸಬಹುದಾದ ಗನ್ ಒಳ್ಳೆಯದು. 0.95ಕ್ಕೆ ಕಟ್ಟಿಹಾಕಿದ ಅಗ್ಗದ ಗನ್ ಇದ್ದರೂ ಕೆಲಸ ನಡೆಯುತ್ತದೆ, ಟೇಪ್ ಹಚ್ಚುವ ತಾಳ್ಮೆ ಇದ್ದರೆ. ನೋಟದ ಅನುಪಾತ, ಅಂದರೆ ಅಳೆಯುವ ದೂರಕ್ಕೂ ಗನ್ ನೋಡುವ ವೃತ್ತದ ಅಗಲಕ್ಕೂ ಇರುವ ಪ್ರಮಾಣ, ಕನಿಷ್ಠ 12:1 ಇರಲಿ. 8:1 ಅಡುಗೆಮನೆಗೆ ಸಾಕು, ಮೋಟರು ಪ್ಯಾನಲ್‌ಗಳಿಗೆ ಸಾಲದು. ಜೊತೆಗೆ:

- ಕಪ್ಪು ಪಿವಿಸಿ ಇನ್ಸುಲೇಷನ್ ಟೇಪ್ ಒಂದು ಸುರುಳಿ
- 80 ಡಿಗ್ರಿಗಿಂತ ಬಿಸಿಯಾದ ಕಡೆಗೆ ಮ್ಯಾಟ್ ಕಪ್ಪು ಹೀಟ್ ಪ್ರೂಫ್ ಪೇಂಟ್. ಬೈಕ್ ಸೈಲೆನ್ಸರ್‌ಗೆ ಬಳಿಯುವ ಸ್ಪ್ರೇ ಡಬ್ಬಿಯೇ ಸಾಕು
- ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಅಂಗೈಯಗಲದ ರಟ್ಟು
- ಕೆ-ಟೈಪ್ ಥರ್ಮೋಕಪಲ್ ತಂತಿ (ತುದಿ ಮುಟ್ಟಿಸಿ ಉಷ್ಣತೆ ಅಳೆಯುವ ತಂತಿ) ಸಿಕ್ಕಿಸಬಹುದಾದ ಮಲ್ಟಿಮೀಟರ್, ತಾಳೆ ನೋಡಲು
- ಅಗಲ ಬಾಯಿಯ ಫ್ಲಾಸ್ಕ್, ಐಸ್

ಖರೀದಿಸುವಾಗ ಪರದೆಯಲ್ಲಿ 0.1 ಡಿಗ್ರಿ ತೋರಿಸುತ್ತದೆ ಎಂಬುದಕ್ಕೆ ಮರುಳಾಗಬೇಡಿ. ಅದು ಅಂಕಿ ಬರೆಯುವ ಸೂಕ್ಷ್ಮತೆ. ನಿಖರತೆ ಡಬ್ಬಿಯ ಮೇಲೆ ಬೇರೆ ಸಾಲಿನಲ್ಲಿರುತ್ತದೆ: ಸಾಮಾನ್ಯವಾಗಿ 2 ಡಿಗ್ರಿ ಅಥವಾ ಶೇ 2, ಯಾವುದು ಹೆಚ್ಚೋ ಅದು, ಮೇಲಕ್ಕೂ ಕೆಳಕ್ಕೂ. 300 ಡಿಗ್ರಿಯಲ್ಲಿ ಅದು 6 ಡಿಗ್ರಿಯಾಯಿತು. ಸೊನ್ನೆಗಿಂತ ಕೆಳಗೆ ಇನ್ನೂ ಸಡಿಲ.

ಹಂತ 1: ಗನ್ ಸುತ್ತಲಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ

ಏಸಿ ಕೋಣೆಯಿಂದ ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡಿನಿಂದ ನೆರಳಿಗೆ ತಂದ ತಕ್ಷಣ ಅಳೆಯಬೇಡಿ. ಒಡಲು, ಲೆನ್ಸ್, ಸೆನ್ಸರ್ ಮೂರೂ ಸುತ್ತಲಿನ ಬಿಸಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದಕ್ಕೂ ಮುಂಚೆ ಅಂಕಿ ತೇಲುತ್ತಲೇ ಇರುತ್ತದೆ. ಇದೇ ಕಾರಣಕ್ಕೆ ಒಲೆಯ ಬಾಯಿಗೆ, ಬಾಯ್ಲರ್ ಬಾಗಿಲಿಗೆ ಗನ್ ಹತ್ತಿರ ಹಿಡಿದು ನಿಲ್ಲುವುದೂ ತಪ್ಪು; ಗನ್ ತಾನೇ ಕಾಯುತ್ತದೆ. ಬ್ಯಾಟರಿ ಚಿಹ್ನೆ ಮಿನುಗುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ.

ಲೆನ್ಸ್ ಮೇಲಿನ ಧೂಳು, ಎಣ್ಣೆ ಜಿಡ್ಡು ಬರುವ ವಿಕಿರಣವನ್ನು ತಡೆದು ರೀಡಿಂಗ್ ಇಳಿಸುತ್ತವೆ. ಹತ್ತಿಯ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೆಲ್ಲಗೆ ಒರೆಸಿ, ಆರಲು ಬಿಡಿ. ಅಗ್ಗದ ಗನ್‌ಗಳ ಲೆನ್ಸ್ ಬಹಳ ಸಲ ತೆಳು ಪ್ಲಾಸ್ಟಿಕ್ಕಿನದು. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರ ತರಲೇಬೇಡಿ.

ಹಂತ 2: ಎರಡು ಬಿಂದುಗಳಲ್ಲಿ ತಾಳೆ ನೋಡಿ

ಮೊದಲನೆಯದು ಐಸ್. ಪುಡಿ ಮಾಡಿದ ಐಸನ್ನು ಫ್ಲಾಸ್ಕಿನ ಬಾಯಿಯವರೆಗೆ ಒತ್ತಿ ತುಂಬಿ, ಸಂದುಗಳು ಮುಚ್ಚುವಷ್ಟು ನೀರು ಹಾಕಿ, ಕಲಕಿ, ಕೆಲವು ನಿಮಿಷ ಬಿಡಿ. ಮೇಲೆ ನಿಂತ ನೀರನ್ನು ಬಸಿದು, ಐಸ್ ಮತ್ತೆ ಬಾಯಿಯ ಮಟ್ಟಕ್ಕೆ ಬರುವಂತೆ ಮಾಡಿ. ಎಮಿಸಿವಿಟಿ 0.95 ಅಥವಾ 0.97ಕ್ಕೆ ಇಟ್ಟು, ನೇರ ಮೇಲಿನಿಂದ, ಫ್ಲಾಸ್ಕಿನ ಅಂಚು ನೋಟಕ್ಕೆ ಸಿಗದಷ್ಟು ಹತ್ತಿರದಿಂದ ಅಳೆಯಿರಿ. ಬೇಗ ಮುಗಿಸಿ, ತಂಪಿಗೆ ಲೆನ್ಸ್ ಮೇಲೆ ಇಬ್ಬನಿ ಕಟ್ಟಿದರೆ ರೀಡಿಂಗ್ ಕೆಡುತ್ತದೆ. ಸೊನ್ನೆಯಿಂದ 2 ಡಿಗ್ರಿ ಒಳಗಿದ್ದರೆ ಗನ್ ಸರಿಯಿದೆ.

ಎರಡನೆಯದಕ್ಕೆ ಎಲ್ಲರೂ ಕುದಿಯುವ ನೀರನ್ನು ಹಿಡಿಯುತ್ತಾರೆ. ಅದು ಬೇಡ. ಆವಿ ಲೆನ್ಸನ್ನು ಮಂಜಾಗಿಸುತ್ತದೆ, ಗನ್ ನೀರಿನ ಬದಲು ಆವಿಯ ಹನಿಗಳನ್ನು ನೋಡುತ್ತದೆ. ಕುದಿಬಿಂದುವೂ ಎಲ್ಲೆಡೆ 100 ಅಲ್ಲ: ಮಂಗಳೂರಲ್ಲಿ 100, ಸುಮಾರು 920 ಮೀಟರ್ ಎತ್ತರದ ಬೆಂಗಳೂರಲ್ಲಿ 97, ಮಡಿಕೇರಿಯಲ್ಲಿ 96ರ ಹತ್ತಿರ. ಪ್ರತಿ 300 ಮೀಟರ್ ಏರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಅದರ ಬದಲು ಪಾತ್ರೆಯ ಹೊರಮೈಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಕಪ್ಪು ಟೇಪಿನ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ. ಬೇರೆ ಪಾತ್ರೆಯಲ್ಲಿ ಕಾಯಿಸಿದ ಸುಮಾರು 70 ಡಿಗ್ರಿ ನೀರನ್ನು ಇದಕ್ಕೆ ಸುರಿದು ಕಲಕಿ. ಥರ್ಮೋಕಪಲ್ ನೀರಿನೊಳಗೆ, ಗನ್ ಟೇಪಿನ ಮೇಲೆ. ತೆಳು ಪಾತ್ರೆಯಲ್ಲಿ ಎರಡಕ್ಕೂ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹಾಗೇ ಟೇಪ್ ಇಲ್ಲದ ಜಾಗಕ್ಕೂ ಒಮ್ಮೆ ಗುರಿಯಿಡಿ. ಈ ಲೇಖನ ಯಾಕೆ ಬೇಕಾಯಿತು ಎಂಬುದು ಕಣ್ಣೆದುರೇ ಕಾಣುತ್ತದೆ.

ಹಂತ 3: ದೂರ ಲೆಕ್ಕ ಹಾಕಿ

12:1 ಎಂದರೆ 12 ಪಾಲು ದೂರಕ್ಕೆ ಒಂದು ಪಾಲು ಅಗಲದ ವೃತ್ತ. 60 ಸೆಂಟಿಮೀಟರ್ ದೂರದಿಂದ 5 ಸೆಂಟಿಮೀಟರ್ ವೃತ್ತ, 3 ಮೀಟರಿನಿಂದ 25 ಸೆಂಟಿಮೀಟರ್. ಟಾರ್ಚ್ ಬೆಳಕು ದೂರ ಹೋದಂತೆ ಹರಡುವ ಹಾಗೆ ಗನ್‌ನ ನೋಟವೂ ಹರಡುತ್ತದೆ. ಆ ವೃತ್ತದೊಳಗೆ ಏನೇನಿದೆಯೋ ಎಲ್ಲದರ ಸರಾಸರಿ ಪರದೆಗೆ ಬರುತ್ತದೆ.

ಲೇಸರ್ ಚುಕ್ಕೆ ಅಳೆಯುವುದಿಲ್ಲ. ಅದು ಗುರಿ ತೋರಿಸುವ ಕಡ್ಡಿ ಅಷ್ಟೇ. ಚುಕ್ಕೆ ಸಣ್ಣದಿದೆ ಎಂದು ಮೂರು ಮೀಟರ್ ದೂರದಿಂದ ಬೆರಳಗಲದ ಕೇಬಲ್ ಜೋಡಣೆಗೆ ಗುರಿಯಿಟ್ಟರೆ ಬರುವುದು ಹಿಂದಿನ ಗೋಡೆಯ ಉಷ್ಣತೆ. ಹತ್ತಿರದಲ್ಲಿ ಇನ್ನೊಂದು ತೊಡಕು: ಬಹುತೇಕ ಗನ್‌ಗಳಲ್ಲಿ ಲೇಸರ್ ಲೆನ್ಸಿನ ಮೇಲಕ್ಕೋ ಪಕ್ಕಕ್ಕೋ ಇರುವುದರಿಂದ ಚುಕ್ಕೆಗೂ ನಿಜವಾದ ನೋಟದ ನಡುವಿಗೂ ಒಂದೆರಡು ಸೆಂಟಿಮೀಟರ್ ಅಂತರ ಉಳಿಯುತ್ತದೆ.

ಡಬ್ಬಿಯ ಮೇಲೆ ಬರೆದ ವೃತ್ತದೊಳಗಿಂದ ಬರುವುದು ಒಟ್ಟು ವಿಕಿರಣದ ಸುಮಾರು ಶೇ 90 ಮಾತ್ರ, ಉಳಿದದ್ದು ಅಂಚಿನಾಚೆಯಿಂದ. ಆದ್ದರಿಂದ ವಸ್ತು ಆ ವೃತ್ತದ ಎರಡರಷ್ಟು ಅಗಲ ಇರುವಂತೆ ಹತ್ತಿರ ಹೋಗಿ. ಹೋಗಲು ಆಗದಿದ್ದರೆ 30:1 ಅಥವಾ 50:1ರ ಗನ್ ತನ್ನಿ. ಬೇರೆ ಉಪಾಯವಿಲ್ಲ.

ಹಂತ 4: ಮೇಲ್ಮೈಯನ್ನು ಓದಿ

8ರಿಂದ 14 ಮೈಕ್ರೋಮೀಟರ್ ಪಟ್ಟಿಯಲ್ಲಿ ಸಾಮಾನ್ಯ ವಸ್ತುಗಳ ಅಂದಾಜು ಎಮಿಸಿವಿಟಿ ಹೀಗಿರುತ್ತದೆ:

- ಮನುಷ್ಯರ ಚರ್ಮ 0.98, ನೀರು 0.96, ರಬ್ಬರ್ 0.95
- ಯಾವುದೇ ಬಣ್ಣದ ಪೇಂಟ್ (ಬೆಳ್ಳಿಬಣ್ಣದ ಅಲ್ಯೂಮಿನಿಯಂ ಪೇಂಟ್ ಬಿಟ್ಟು) 0.90ರಿಂದ 0.95, ಕಾಂಕ್ರೀಟ್, ಇಟ್ಟಿಗೆ, ಮರ ಇದೇ ಆಸುಪಾಸು
- ಗಾಜು 0.85ರಿಂದ 0.90
- ತುಕ್ಕು ಹಿಡಿದ ಅಥವಾ ಕಪ್ಪಾದ ಕಬ್ಬಿಣ 0.6ರಿಂದ 0.9
- ಹೊಸ ಜಿಐ ತಗಡು 0.2ರಿಂದ 0.3
- ಹೊಳೆಯುವ ಸ್ಟೀಲ್ 0.1ರಿಂದ 0.2
- ಉಜ್ಜಿ ಹೊಳಪಿಸಿದ ಅಲ್ಯೂಮಿನಿಯಂ, ತಾಮ್ರ 0.05 ಅಥವಾ ಇನ್ನೂ ಕಡಿಮೆ

ಇಲ್ಲಿ ಕಣ್ಣಿನ ಬಣ್ಣಕ್ಕೆ ಬೆಲೆಯಿಲ್ಲ. ಬಿಳಿ ಗೋಡೆಯೂ ಕಪ್ಪು ಗೋಡೆಯೂ ಈ ತರಂಗಾಂತರಗಳಲ್ಲಿ ಹೆಚ್ಚುಕಡಿಮೆ ಒಂದೇ. ಲೋಹ ಬರಿಯ ಮೈಯಲ್ಲಿದೆಯೇ, ಏನಾದರೂ ಹೊದ್ದಿದೆಯೇ ಎಂಬುದಷ್ಟೇ ಪ್ರಶ್ನೆ. ಸೌದೆ ಒಲೆಯಲ್ಲಿ ಮಸಿ ಹಿಡಿದ ಪಾತ್ರೆಯ ತಳಕ್ಕೆ ಗುರಿಯಿಟ್ಟರೆ ಅಂಕಿ ಸರಿಯಾಗಿಯೇ ಬರುತ್ತದೆ. ಅದೇ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ಮೇಲೆ ಬರುವುದಿಲ್ಲ.

0.90ರ ಮೇಲಿನ ಗುಂಪಿಗೆ ಗನ್ನನ್ನು 0.95ರಲ್ಲೇ ಬಿಟ್ಟರೂ ದೊಡ್ಡ ನಷ್ಟವಿಲ್ಲ. 100 ಡಿಗ್ರಿಯ ವಸ್ತುವಿನ ನಿಜವಾದ ಎಮಿಸಿವಿಟಿ 0.90 ಆಗಿದ್ದು, ಗನ್‌ನಲ್ಲಿ 0.95 ಇದ್ದರೆ, 27 ಡಿಗ್ರಿಯ ಕೋಣೆಯಲ್ಲಿ ರೀಡಿಂಗ್ ಸುಮಾರು 97 ಬರುತ್ತದೆ. ಆದರೆ ಸ್ಟೀಲ್ ಪಾತ್ರೆಯ ಲೆಕ್ಕ ನೋಡಿ. ಎಮಿಸಿವಿಟಿ 0.15, ಪಾತ್ರೆ 97 ಡಿಗ್ರಿ, ಕೋಣೆ 27. ನಾಲ್ಕನೇ ಘಾತದ ಸರಳ ಲೆಕ್ಕದಲ್ಲಿ ಪಾತ್ರೆಯ ಸ್ವಂತ ವಿಕಿರಣಕ್ಕಿಂತ ಪ್ರತಿಫಲಿಸಿದ್ದೇ ಎರಡೂವರೆ ಪಟ್ಟು. ಎರಡನ್ನೂ ಕೂಡಿಸಿ 0.95ರ ಊಹೆಯಿಂದ ಲೆಕ್ಕ ತೆಗೆದರೆ ಸಿಗುವುದು ಸುಮಾರು 41 ಡಿಗ್ರಿ. ಉಪಕರಣ ತನಗೆ ಗೊತ್ತಿದ್ದಷ್ಟರಲ್ಲಿ ಸರಿಯಾಗಿಯೇ ಉತ್ತರಿಸಿದೆ.

"ಹಾಗಾದರೆ ಗನ್‌ನಲ್ಲಿ 0.15 ಒತ್ತಿದರೆ ಮುಗೀತಲ್ಲ?" ಮುಗಿಯುವುದಿಲ್ಲ. 0.15ರಲ್ಲಿ ಪ್ರತಿಫಲಿಸುವ ಸುತ್ತಲಿನ ಉಷ್ಣತೆಯನ್ನು ಬರೀ 5 ಡಿಗ್ರಿ ತಪ್ಪಾಗಿ ಊಹಿಸಿದರೂ ಉತ್ತರ 15 ಡಿಗ್ರಿ ಆಚೀಚೆ ಆಗುತ್ತದೆ. 0.95ರಲ್ಲಿ ಅದೇ ತಪ್ಪಿನ ಬೆಲೆ 0.15 ಡಿಗ್ರಿಯೂ ಇಲ್ಲ. ಜೊತೆಗೆ, ಲೋಹದ ಎಮಿಸಿವಿಟಿ ಉಜ್ಜಿದರೆ, ಬೆರಳಿನ ಜಿಡ್ಡು ತಗುಲಿದರೆ, ಕಾದು ಬಣ್ಣ ತಿರುಗಿದರೆ ಬದಲಾಗುತ್ತದೆ. ಪಟ್ಟಿಯ ಅಂಕಿ ನಿಮ್ಮ ಪಾತ್ರೆಯದಲ್ಲ. ನನ್ನ ನಿಯಮ ಸರಳ: 0.5ಕ್ಕಿಂತ ಕೆಳಗೆ ಗುಂಡಿ ಒತ್ತುವ ಪರಿಸ್ಥಿತಿ ಬಂದರೆ ಗುಂಡಿ ಬಿಡಿ, ಮೇಲ್ಮೈಯನ್ನೇ ಬದಲಿಸಿ.

ಬದಲಿಸುವ ದಾರಿಗಳು ಮೂರು.

ಟೇಪ್: ನೋಟದ ವೃತ್ತದ ಎರಡರಷ್ಟು ಅಗಲಕ್ಕೆ ಅಂಟಿಸಿ, ಕೆಳಗೆ ಗಾಳಿಗುಳ್ಳೆ ಉಳಿಯದಂತೆ ಒತ್ತಿ. ವಸ್ತುವಿನ ಬಿಸಿ ಟೇಪಿಗೆ ಏರಲು ಕೆಲವು ನಿಮಿಷ ಬಿಟ್ಟು, 0.95ರಲ್ಲಿ ಅಳೆಯಿರಿ. ಮಾಮೂಲಿ ಪಿವಿಸಿ ಟೇಪ್ 80 ಡಿಗ್ರಿವರೆಗೆ ಮಾತ್ರ. ಅದಕ್ಕಿಂತ ಮೇಲೆ ಅಂಟು ಕರಗಿ ಟೇಪ್ ಏಳುತ್ತದೆ, ಎದ್ದ ಟೇಪ್ ವಸ್ತುವಿಗಿಂತ ತಣ್ಣಗಿರುತ್ತದೆ.

ಪೇಂಟ್: ಮ್ಯಾಟ್ ಕಪ್ಪು ಹೀಟ್ ಪ್ರೂಫ್ ಪೇಂಟನ್ನು ತಣ್ಣಗಿರುವಾಗಲೇ ತೆಳುವಾಗಿ ಹೊಡೆದು ಪೂರ್ತಿ ಒಣಗಿಸಿ. 0.95 ಇಡಬಹುದು. ತಿಂಗಳುಗಟ್ಟಲೆ ಒಂದೇ ಜಾಗ ಅಳೆಯುವವರಿಗೆ ಇದೇ ಉತ್ತಮ. ಅಡುಗೆ ತಾಗುವ ಮೈಗೆ ಮಾತ್ರ ಬೇಡ.

ಗುಳಿ: ಅಗಲದ ಆರರಷ್ಟು ಆಳವಿರುವ ತೂತಿನೊಳಗೆ ನೋಡಿದರೆ ಒಳಗೆ ವಿಕಿರಣ ಗೋಡೆಯಿಂದ ಗೋಡೆಗೆ ಪುಟಿದು ಹೆಚ್ಚುಕಡಿಮೆ ಆದರ್ಶ ಮೇಲ್ಮೈಯಂತೆ ಹೊರಬರುತ್ತದೆ. ಬರಿಯ ಲೋಹದಲ್ಲೂ ಇದು ನಡೆಯುತ್ತದೆ. ಆದರೆ ನೋಟದ ವೃತ್ತ ತೂತಿನೊಳಗೆ ಹಿಡಿಸಬೇಕು. 12:1ರ ಗನ್‌ಗೆ ಅಷ್ಟು ದೊಡ್ಡ ತೂತು ಸಿಗುವುದೇ ಅಪರೂಪ.

ನಿಮ್ಮದೇ ಮೇಲ್ಮೈಯ ಎಮಿಸಿವಿಟಿ ತಿಳಿಯಬೇಕಿದ್ದರೆ, ವಸ್ತುವನ್ನು ಸುತ್ತಲಿಗಿಂತ ಕನಿಷ್ಠ 20 ಡಿಗ್ರಿ ಹೆಚ್ಚು ಕಾಯಿಸಿ, ಟೇಪಿನ ಮೇಲೆ 0.95ರಲ್ಲಿ ಅಳೆದು ಬರೆದುಕೊಳ್ಳಿ. ಪಕ್ಕದ ಬರಿ ಮೈಗೆ ಗುರಿಯಿಟ್ಟು ಅದೇ ಅಂಕಿ ಬರುವವರೆಗೆ ಎಮಿಸಿವಿಟಿಯನ್ನು ಇಳಿಸುತ್ತ ಹೋಗಿ. ನಿಂತ ಅಂಕಿಯೇ ಉತ್ತರ. ಬಿಸಿಯ ಅಂತರ ಕಡಿಮೆಯಿದ್ದರೆ ಈ ಪರೀಕ್ಷೆ ಏನೂ ಹೇಳುವುದಿಲ್ಲ, ಯಾಕೆಂದರೆ ವಸ್ತುವೂ ಕೋಣೆಯೂ ಒಂದೇ ಉಷ್ಣತೆಯಲ್ಲಿದ್ದರೆ ಹೊಮ್ಮಿದ್ದು, ಪ್ರತಿಫಲಿಸಿದ್ದು ಸೇರಿ ಯಾವ ಎಮಿಸಿವಿಟಿಗೂ ಒಂದೇ ಮೊತ್ತ.

ಹಂತ 5: ಪ್ರತಿಬಿಂಬ ಎಲ್ಲಿಂದ ಬರುತ್ತಿದೆ ನೋಡಿ

ಫಾಯಿಲನ್ನು ಮುದುಡಿ, ಮತ್ತೆ ಬಿಡಿಸಿ, ರಟ್ಟಿಗೆ ಸುತ್ತಿ. ವಸ್ತುವಿನ ಜಾಗದಲ್ಲಿ, ಅದೇ ಕೋನದಲ್ಲಿ ಹಿಡಿದು, ಗನ್ನನ್ನು 1.00ಕ್ಕೆ ಇಟ್ಟು ಅಳೆಯಿರಿ. ಫಾಯಿಲ್ ತನ್ನದೆಂದು ಹೊಮ್ಮಿಸುವುದು ಅತ್ಯಲ್ಪವಾದ್ದರಿಂದ ಬಂದ ಅಂಕಿ ಸುತ್ತಲಿನಿಂದ ಆ ಜಾಗಕ್ಕೆ ಬೀಳುತ್ತಿರುವ ಶಾಖದ ಅಳತೆ. ಅದು ಕೋಣೆಯ ಉಷ್ಣತೆಗೆ ಹತ್ತಿರವಿದ್ದರೆ ನೆಮ್ಮದಿ. ಹೆಚ್ಚು ಬಂದರೆ ಹತ್ತಿರದಲ್ಲಿ ಒಲೆ, ಬಲ್ಬು, ಬಿಸಿಲಿಗೆ ಕಾದ ಗೋಡೆ ಯಾವುದೋ ಕೈ ಹಾಕುತ್ತಿದೆ. ಬದಿಗೆ ಸರಿದು ನಿಲ್ಲಿ, ಅಥವಾ ರಟ್ಟಿನ ಮರೆ ಹಿಡಿಯಿರಿ. ಪ್ರತಿಫಲಿತ ಉಷ್ಣತೆ ತುಂಬಿಸುವ ಸೌಲಭ್ಯ ಇರುವ ಗನ್ ಅಥವಾ ಕ್ಯಾಮೆರಾ ಇದ್ದರೆ ಈ ಅಂಕಿಯನ್ನು ಅಲ್ಲಿ ತುಂಬಿ.

ಬಯಲಿನಲ್ಲಿ ಕತೆ ತಲೆಕೆಳಗು. ಮೋಡವಿಲ್ಲದ ಆಕಾಶ ಈ ಪಟ್ಟಿಯಲ್ಲಿ ಬಹಳ ತಣ್ಣಗೆ ಕಾಣುತ್ತದೆ. ಒಣಹವೆಯ ದಿನ ಗನ್ನನ್ನು ಆಕಾಶಕ್ಕೆ ತಿರುಗಿಸಿ, ಸೂರ್ಯನ ಕಡೆ ಮಾತ್ರ ಬೇಡ, ಸೊನ್ನೆಗಿಂತ ಕೆಳಗಿನ ಅಂಕಿ ಬರಬಹುದು. ಹೊಸ ಜಿಐ ತಗಡು ಆ ಆಕಾಶವನ್ನೇ ಮುಕ್ಕಾಲು ಪಾಲು ಪ್ರತಿಫಲಿಸುತ್ತದೆ. ಬಿಸಿಲಿಗೆ 60 ಡಿಗ್ರಿ ಕಾದ ತಗಡು 20 ಎಂದು ತೋರಿಸುವುದು ಹೀಗೆ. ಅದರ ಮೇಲೆ ಟೇಪಿನ ಪಟ್ಟಿ ಅಂಟಿಸುವುದೊಂದೇ ದಾರಿ. ಕಪ್ಪು ಟೇಪ್ ಬಿಸಿಲನ್ನು ಹೀರಿ ತಗಡಿಗಿಂತ ಹೆಚ್ಚು ಕಾಯುವ ಕಾರಣ, ಪಟ್ಟಿ ಸಣ್ಣದಿರಲಿ, ಬಿಳಿ ಟೇಪ್ ಆದರೆ ಇನ್ನೂ ಒಳ್ಳೆಯದು. ಅಳೆಯುವ ಮುಂಚೆ ಕೆಲವು ನಿಮಿಷ ನೆರಳು ಹಿಡಿಯಿರಿ.

ಇಲ್ಲೇ ಒಂದು ಎಚ್ಚರಿಕೆ. ತಗಡಿನ ಕೆಳಗೆ ಹಾಕುವ ಬೆಳ್ಳಿಬಣ್ಣದ ಫಾಯಿಲ್ ಹಾಸನ್ನು ಮಾರುವವರು ಗನ್ ಹಿಡಿದು "ನೋಡಿ, 55 ಇದ್ದದ್ದು 33 ಆಯ್ತು" ಎಂದು ತೋರಿಸುವುದುಂಟು. ಫಾಯಿಲ್ ತೋರಿಸುತ್ತಿರುವುದು ನಿಮ್ಮ ಕೋಣೆಯ ನೆಲದ ಪ್ರತಿಬಿಂಬ. ಹಾಸು ನಿಜಕ್ಕೂ ಉಪಯೋಗಕ್ಕೆ ಬರಬಹುದು, ಹೊಳೆಯುವ ಮೈ ವಿಕಿರಣ ಕಡಿಮೆ ಬಿಡುವುದೇ ಅದರ ಕೆಲಸ. ಆದರೆ ಆ 33 ಅದರ ಉಷ್ಣತೆಯಲ್ಲ. ಫಾಯಿಲ್ ಮೇಲೆ ಟೇಪ್ ಅಂಟಿಸಿ ಅಳೆಯಿರಿ ಎಂದು ಕೇಳಿ.

ಹಂತ 6: ಅಳೆಯುವುದು

ನೇರವಾಗಿ ಎದುರು ನಿಲ್ಲಿ. ಲಂಬದಿಂದ 45 ಡಿಗ್ರಿ ಕೋನದವರೆಗೆ ವಾಲಿದರೆ ತೊಂದರೆಯಿಲ್ಲ. 60 ದಾಟಿದರೆ ಪೇಂಟ್, ನೀರು, ಗಾಜು ಎಲ್ಲದರ ಎಮಿಸಿವಿಟಿಯೂ ಇಳಿಯುತ್ತದೆ. ಟ್ರಿಗರ್ ಒತ್ತಿ ಹಿಡಿದು ಮೇಲ್ಮೈಯ ಉದ್ದಕ್ಕೂ ನಿಧಾನ ಸಾಗಿಸಿ. ಮ್ಯಾಕ್ಸ್ ಎಂಬ ಗುಂಡಿ ಇದ್ದರೆ ಒತ್ತಿ, ಅತಿ ಬಿಸಿಯ ಜಾಗ ಸಿಕ್ಕಾಗ ಅಂಕಿ ಅಲ್ಲೇ ನಿಲ್ಲುತ್ತದೆ.

ನಡುವೆ ಆವಿ, ಹೊಗೆ, ಧೂಳು ಇರಬಾರದು. ಗಾಜೂ ಇರಬಾರದು: ಕಿಟಕಿ ಗಾಜು ಈ ಪಟ್ಟಿಗೆ ಕಲ್ಲಿನಷ್ಟೇ ಅಪಾರದರ್ಶಕ, ಓವನ್ ಬಾಗಿಲ ಗಾಜಿನಿಂದ ಒಳಗೆ ನೋಡಿದರೆ ಬರುವುದು ಬಾಗಿಲ ಉಷ್ಣತೆ. ಪ್ಯಾನಲ್‌ನ ಅಕ್ರಿಲಿಕ್ ಮುಚ್ಚಳವೂ ಹಾಗೇ. ತೆಳು ಪಾಲಿಥೀನ್ ಇನ್ನೂ ಕಿರಿಕಿರಿ. ಅದು ಅರ್ಧಂಬರ್ಧ ಬಿಡುತ್ತದೆ, ಉತ್ತರ ಯಾರದೂ ಅಲ್ಲ. ಗಾಳಿಯನ್ನು ಗನ್ ನೋಡುವುದೇ ಇಲ್ಲ. ಏಸಿಯಿಂದ ಬರುವ ಗಾಳಿ ಅಳೆಯಲು ಜಾಲರಿಗೆ ಕಾಗದದ ಪಟ್ಟಿ ತೂಗಿಬಿಟ್ಟು, ಐದು ನಿಮಿಷದ ಮೇಲೆ ಕಾಗದವನ್ನು ಅಳೆಯಿರಿ.

ಅಂಕಿಯ ಜೊತೆಗೆ ದೂರ, ಎಮಿಸಿವಿಟಿ, ಸುತ್ತಲಿನ ಉಷ್ಣತೆ, ಯಂತ್ರವಾದರೆ ಆ ಹೊತ್ತಿನ ಆಂಪಿಯರ್ ಬರೆದಿಡಿ. ಇವಿಲ್ಲದ ರೀಡಿಂಗನ್ನು ಮುಂದಿನ ತಿಂಗಳು ಯಾವುದಕ್ಕೂ ಹೋಲಿಸಲಾಗದು.

ಕೆಲವು ನಿರ್ದಿಷ್ಟ ಕೆಲಸಗಳು

ದೋಸೆ ಕಾವಲಿ: ಪಳಗಿದ ಕಬ್ಬಿಣದ ಕಾವಲಿಯೂ ನಾನ್‌ಸ್ಟಿಕ್ ಕಾವಲಿಯೂ ಗನ್‌ಗೆ ಹೇಳಿಮಾಡಿಸಿದ್ದು, 0.95 ಇಡಿ. ನಡುವಿಗೂ ಅಂಚಿಗೂ ಇರುವ ವ್ಯತ್ಯಾಸ ನೋಡಿದರೆ ದೋಸೆ ಒಂದು ಕಡೆ ಮಾತ್ರ ಕೆಂಪಾಗುವ ಕಾರಣ ಗೊತ್ತಾಗುತ್ತದೆ. ನೀರು ಚಿಮುಕಿಸಿದ ಮೇಲೆ ಆವಿ ಹೋಗುವವರೆಗೆ ಕಾಯಿರಿ. ಹೊಸ ಅಲ್ಯೂಮಿನಿಯಂ ಅಥವಾ ಸ್ಟೀಲ್ ಕಾವಲಿಗೆ ಗನ್ ಹಿಡಿಯುವುದು ವ್ಯರ್ಥ.

ಬೆಲ್ಲದ ಕೊಪ್ಪರಿಗೆ: ಮಂಡ್ಯ ಕಡೆಯ ಆಲೆಮನೆಗಳಿಂದಲೂ ಈ ಪ್ರಶ್ನೆ ಬರುತ್ತದೆ. ಅಚ್ಚುಬೆಲ್ಲಕ್ಕೆ ಪಾಕ ಸುಮಾರು 118 ಡಿಗ್ರಿ ಮುಟ್ಟಿದಾಗ ಒಲೆಯಿಂದ ಇಳಿಸಬೇಕು, ಒಂದೆರಡು ಡಿಗ್ರಿ ತಪ್ಪಿದರೂ ಹದ ಕೆಡುತ್ತದೆ. ಗನ್‌ಗೆ ಕಾಣುವುದು ಮೇಲಿನ ನೊರೆ ಮತ್ತು ಆವಿ, ಅದು ಪಾಕಕ್ಕಿಂತ ತಣ್ಣಗೆ. ಉದ್ದ ಕಡ್ಡಿಯ ಪ್ರೋಬ್ ಥರ್ಮಾಮೀಟರನ್ನೇ ಪಾಕದೊಳಗೆ ಇಳಿಸಿ.

ಪಂಪ್‌ಸೆಟ್ ಮೋಟರು: ಪೇಂಟ್ ಇರುವ ಒಡಲನ್ನು ಅಳೆಯಿರಿ, ಫ್ಯಾನ್ ಮುಚ್ಚಳ, ಹೊಳೆಯುವ ಶಾಫ್ಟ್ ಬೇಡ. ಪಕ್ಕೆಲುಬಿನಂಥ ರೆಕ್ಕೆಗಳ ನಡುವಿನ ಸಂದು ಗುಳಿಯಂತೆ ವರ್ತಿಸಿ ನಿಜಕ್ಕೆ ಹತ್ತಿರದ ಅಂಕಿ ಕೊಡುತ್ತದೆ. ಒಳಗಿನ ವೈಂಡಿಂಗ್ (ತಂತಿಯ ಸುತ್ತು) ಹೊರಮೈಗಿಂತ ಸಾಕಷ್ಟು ಬಿಸಿಯಿರುತ್ತದೆ ಎಂಬುದು ನೆನಪಿರಲಿ. ನಾಮಫಲಕದಲ್ಲಿ ಇನ್ಸುಲೇಷನ್ ಬಿ ದರ್ಜೆ ಎಂದಿದ್ದರೆ ವೈಂಡಿಂಗ್‌ನ ಮಿತಿ 130, ಎಫ್ ಆದರೆ 155 ಡಿಗ್ರಿ. ಹೊರಮೈ ಅಂಕಿಯನ್ನು ಆ ಮಿತಿಗೆ ನೇರ ಹೋಲಿಸಬೇಡಿ. ಬೇರಿಂಗ್ ಮನೆಯ ಮೇಲೆ ರೂಪಾಯಿಯಗಲ ಕಪ್ಪು ಪೇಂಟ್ ಹಚ್ಚಿ, ವಾರಕ್ಕೊಮ್ಮೆ ಅದೇ ಚುಕ್ಕೆ ಅಳೆಯಿರಿ. ಒಂದು ದಿನದ ಅಂಕಿಗಿಂತ ವಾರದಿಂದ ವಾರಕ್ಕೆ ಏರುತ್ತಿರುವ ಅಂಕಿ ಹೆಚ್ಚು ಹೇಳುತ್ತದೆ.

ಪ್ಯಾನಲ್ ಬೋರ್ಡು: ಜೀವಂತ ವಿದ್ಯುತ್ತಿರುವ ಪ್ಯಾನಲ್ ತೆರೆಯುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ, ಗನ್ ಮುಟ್ಟದೆ ಅಳೆಯುತ್ತದೆ ನಿಜ, ನಿಮ್ಮ ಮೊಣಕೈಗೆ ಆ ಗುಣವಿಲ್ಲ. ತಾಮ್ರ, ಅಲ್ಯೂಮಿನಿಯಂ ಪಟ್ಟಿಗಳ ಬರಿ ಮೈ ಅಳೆದರೆ ಕೋಣೆಯ ಉಷ್ಣತೆಯೇ ಮರಳಿ ಬರುತ್ತದೆ. ಮೊದಲೇ, ಮೇನ್ ಆಫ್ ಮಾಡಿಸಿದಾಗ, ಪ್ರತಿ ಜೋಡಣೆಯ ಪಕ್ಕ ಟೇಪ್ ಸುತ್ತಿಸಿಡಿ. ಇಲ್ಲವೇ ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ತುಂಡು) ಪಕ್ಕದಲ್ಲೇ ಕೇಬಲ್‌ನ ಹೊದಿಕೆಯನ್ನು ಅಳೆಯಿರಿ. ಮೂರು ಫೇಸ್‌ಗಳನ್ನು ಒಂದಕ್ಕೊಂದು ಹೋಲಿಸಿ. ಒಂದೇ ಲೋಡಿನಲ್ಲಿ ಒಂದು ಫೇಸ್ ಉಳಿದೆರಡಕ್ಕಿಂತ 15 ಡಿಗ್ರಿಗಿಂತ ಹೆಚ್ಚು ಕಾದಿದ್ದರೆ ತಡ ಮಾಡದೆ ಬಿಚ್ಚಿ ನೋಡಬೇಕು. 4ರಿಂದ 15ರ ನಡುವೆ ಇದ್ದರೂ ಅಲ್ಲಿ ದೋಷ ಇರುವ ಸಂಭವ ಜಾಸ್ತಿ. ಲೋಡ್ ಕಡಿಮೆಯಿದ್ದಾಗ ಅಳೆದು ಸಮಾಧಾನಪಡಬೇಡಿ: ಜೋಡಣೆಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅರ್ಧ ಲೋಡಿನಲ್ಲಿ ಕಂಡ 8 ಡಿಗ್ರಿ ಏರಿಕೆ ಪೂರ್ಣ ಲೋಡಿನಲ್ಲಿ ಸುಮಾರು 32 ಆಗುತ್ತದೆ.

ಜ್ವರ: ಕೈಗಾರಿಕಾ ಗನ್ನನ್ನು ಹಣೆಗೆ ಹಿಡಿದರೆ ಬರುವುದು ಚರ್ಮದ ಉಷ್ಣತೆ, ಆರೋಗ್ಯವಂತರಲ್ಲೂ 33ರಿಂದ 35ರ ಹತ್ತಿರ. 2020ರಿಂದ ಎಲ್ಲ ಬಾಗಿಲುಗಳಲ್ಲೂ ಕಂಡ ಹಣೆಯ ಗನ್‌ಗಳು ಆ ಅಂಕಿಗೆ ತಿದ್ದುಪಡಿ ಸೇರಿಸಿ ದೇಹದ ಉಷ್ಣತೆಯನ್ನು ಅಂದಾಜಿಸುತ್ತವೆ. ಒಂದರ ಬದಲು ಇನ್ನೊಂದು ನಡೆಯದು. ಲೇಸರ್ ಇರುವ ಗನ್ನನ್ನು ಮುಖದ ಕಡೆ ಹಿಡಿಯಲೇಬಾರದು.

ಕೆಂಪಗೆ ಕಾದ ಲೋಹ: ಕುಲುಮೆ, ಎರಕದ ಕೆಲಸದವರು 8ರಿಂದ 14ರ ಗನ್ ಕೊಳ್ಳಬೇಡಿ, ಡಬ್ಬಿಯ ಮೇಲೆ 1500 ಡಿಗ್ರಿ ಎಂದು ಬರೆದಿದ್ದರೂ. 1500 ಕೆಲ್ವಿನ್, ಅಂದರೆ ಸುಮಾರು 1227 ಡಿಗ್ರಿಯಲ್ಲಿ ಎಮಿಸಿವಿಟಿಯನ್ನು ಶೇ 10ರಷ್ಟು ತಪ್ಪಾಗಿ ಇಟ್ಟರೆ 10 ಮೈಕ್ರೋಮೀಟರಿನಲ್ಲಿ ಉತ್ತರ ಸುಮಾರು 95 ಡಿಗ್ರಿ ತಪ್ಪುತ್ತದೆ. 1 ಮೈಕ್ರೋಮೀಟರಿನಲ್ಲಿ ಅದೇ ತಪ್ಪಿಗೆ 16 ಡಿಗ್ರಿ ಮಾತ್ರ. ತರಂಗಾಂತರ ಕಿರಿದಾದಷ್ಟೂ ಬಿಸಿಯ ಜೊತೆ ವಿಕಿರಣ ಕಡಿದಾಗಿ ಏರುವುದೇ ಕಾರಣ. ಎರಡು ತರಂಗಾಂತರಗಳ ಅನುಪಾತ ನೋಡುವ ಟೂ-ಕಲರ್ ಪೈರೋಮೀಟರಿನಲ್ಲಿ (ಕಾದ ವಸ್ತುವನ್ನು ದೂರದಿಂದ ಅಳೆಯುವ ಉಪಕರಣ) ಎಮಿಸಿವಿಟಿ ಎರಡರಲ್ಲೂ ಒಂದೇ ಇದ್ದರೆ ಅದು ಲೆಕ್ಕದಿಂದಲೇ ಹೊರಬೀಳುತ್ತದೆ. ಹೊಗೆ ಸ್ವಲ್ಪ ಅಡ್ಡ ಬಂದರೂ, ವಸ್ತು ನೋಟದ ವೃತ್ತವನ್ನು ಪೂರ್ತಿ ತುಂಬದಿದ್ದರೂ ಅದು ಸಹಿಸಿಕೊಳ್ಳುತ್ತದೆ. ಬೆಲೆ ಹೆಚ್ಚು. ಕೊಳ್ಳುವಾಗ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ಕ್ಯಾಲಿಬ್ರೇಷನ್ ಪ್ರಮಾಣಪತ್ರ ಕೇಳಿ, ಮತ್ತು ಅದರಲ್ಲಿ ಪರೀಕ್ಷಿಸಿದ ದೂರ, ಎಮಿಸಿವಿಟಿ, ಯಾವ ಯಾವ ಉಷ್ಣತೆಯಲ್ಲಿ ಪರೀಕ್ಷಿಸಿದ್ದು ಎಂಬ ಮೂರು ಸಾಲುಗಳನ್ನು ಓದಿ. ನೀವು ಅಳೆಯುವ ಉಷ್ಣತೆ ಆ ಬಿಂದುಗಳ ಆಚೆಗಿದ್ದರೆ, ಅಲ್ಲಿಯೂ ಒಂದು ಬಿಂದು ಸೇರಿಸಿ ಮತ್ತೆ ಪರೀಕ್ಷಿಸಿಕೊಡಲು ಹೇಳಿ.